ಗೌಡನ ನೆಂಟ ಗಮಾರ

ನಗರದ ಬಸ್ಸಿನಲ್ಲಿ ಯಾವ ಬಾಗಿಲಿನಿಂದ ಇಳಿಯಬೇಕೆಂದು ತಿಳಿಯದೆ, ತಲೆಯ ಮೇಲೊಂದು ಗಂಟು, ಕಂಕುಳಲ್ಲೊಂದು ಚೀಲ ಹಿಡಿದು ತಡವರಿಸುವ ಮುದುಕನ ಬೆನ್ನಿಗೆ ಒಂದು ಮಾತು ಬಂದು ಬೀಳುತ್ತದೆ: ‘ಎಲ್ಲಿಂದ ಬರ್ತಾವೋ ಈ ಹಳ್ಳಿ ಗಮಾರಗಳು!’ ಆಡಿದವನು ಇನ್ನೆರಡು ನಿಲ್ದಾಣ ಕಳೆಯುವುದರೊಳಗೆ ಅದನ್ನು ಮರೆತಿರುತ್ತಾನೆ. ಕೇಳಿಸಿಕೊಂಡವನು ಮರೆಯುವುದಿಲ್ಲ. ಆ ಮಾತಿನ ವ್ಯಾಕರಣವನ್ನೂ ಗಮನಿಸಬೇಕು. ‘ಬರ್ತಾರೋ’ ಅಲ್ಲ, ‘ಬರ್ತಾವೋ’. ‘ಗಮಾರರು’ ಅಲ್ಲ, ‘ಗಮಾರಗಳು’. ಒಂದೇ ವಾಕ್ಯದಲ್ಲಿ ಮನುಷ್ಯನನ್ನು ದನಕರುಗಳ ಲಿಂಗಕ್ಕೆ ಇಳಿಸಿಯಾಗಿರುತ್ತದೆ.

ಹಳ್ಳಿಗರನ್ನು ಹೀಗಳೆಯುವ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ. ಹಳ್ಳಿಗುಗ್ಗು, ಹಳ್ಳಿಮುಕ್ಕ, ಗಾಂಪ, ಗಮಾರ ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಗಮಾರ ಎಂಬುದರ ಜಾತಕ ಸ್ವಾರಸ್ಯವಾದದ್ದು. ಇದನ್ನು ‘ದಡ್ಡ’, ‘ಒರಟ’ ಎಂಬ ಅರ್ಥದಲ್ಲಿ ಬಳಸುವವರಲ್ಲಿ ಹೆಚ್ಚಿನವರಿಗೆ ಆ ಪದದ ಹೊಟ್ಟೆಯೊಳಗೇ ಹಳ್ಳಿ ಇದೆಯೆಂಬುದು ಹೊಳೆದಿರುವುದಿಲ್ಲ. ಸಂಸ್ಕೃತದ ‘ಗ್ರಾಮ’ ಪ್ರಾಕೃತದಲ್ಲಿ ‘ಗಾಮ’ ಆಯಿತು. ಅದು ಮರಾಠಿಯಲ್ಲಿ ‘ಗಾವ’, ಹಿಂದಿಯಲ್ಲಿ ‘ಗಾಂವ್’. ಆ ಗಾಂವಿನವನು ಹಿಂದಿಯಲ್ಲಿ ಗಂವಾರ, ಗುಜರಾತಿಯಲ್ಲಿ ಗಮಾರ, ಮರಾಠಿಯಲ್ಲಿ ಗಾವಂಢಳ. ಉತ್ತರದ ಭಾಷೆಗಳ ಸಂಪರ್ಕದಿಂದ ಈ ಪದ ಕನ್ನಡಕ್ಕೂ ಬಂತು. ಹಾಗಾಗಿ ‘ಹಳ್ಳಿ ಗಮಾರ’ ಎಂದರೆ ‘ಹಳ್ಳಿಯ ಹಳ್ಳಿಗ’ ಎಂದಷ್ಟೇ ಆಯಿತು. ಬೈಗುಳಕ್ಕೆ ಪುನರುಕ್ತಿ ದೋಷವಲ್ಲ.

ಉತ್ತರದಿಂದ ಈ ಪದ ಬರುವುದಕ್ಕೆ ಮುಂಚೆ ಕನ್ನಡದವರು ಹಳ್ಳಿಗರನ್ನು ಹಂಗಿಸುತ್ತಿರಲಿಲ್ಲವೆಂದೇನೂ ಅಲ್ಲ. ಹಳೆಯ ಕಾವ್ಯಗಳಲ್ಲಿ ‘ಗಾವಿಲ’ ಎಂಬ ಪದವುಂಟು. ನಿಘಂಟುಗಳು ಅದಕ್ಕೆ ಹಳ್ಳಿಗ ಎಂದೂ ಮೂಢ ಎಂದೂ ಎರಡು ಅರ್ಥ ಕೊಡುತ್ತವೆ. ಪ್ರಾಕೃತದಲ್ಲಿ ಹಳ್ಳಿಯವನಿಗೆ ‘ಗಾಮಿಲ್ಲ’ ಎನ್ನುತ್ತಿದ್ದರು. ಗಾವಿಲನ ಮುಖಚಹರೆಯಲ್ಲಿ ಅವನ ಹೋಲಿಕೆ ಎದ್ದು ಕಾಣುತ್ತದೆ. ಇನ್ನೂ ಒಬ್ಬ ಬಂಧು ಇದ್ದಾನೆ, ಅವನು ಗೌಡ. ಹಳೆಯ ಶಾಸನಗಳಲ್ಲಿ ಊರಿನ ಮುಖ್ಯಸ್ಥನನ್ನು ಗಾಮುಂಡ, ಗಾವುಂಡ ಎಂದು ಕರೆದಿದ್ದಾರೆ. ದಾನ ದತ್ತಿಗಳಿಗೆ ಅವನು ಸಾಕ್ಷಿ, ಕೆರೆ ಕಟ್ಟೆಗಳಿಗೆ ಅವನು ಹೊಣೆ, ಊರಿನ ಮೇಲೆ ದಾಳಿಯಾದಾಗ ಹೋರಾಡಿ ಸತ್ತರೆ ಅವನಿಗೊಂದು ವೀರಗಲ್ಲು. ಈ ಗಾವುಂಡ ಪದವೂ ‘ಗ್ರಾಮ’ದಿಂದಲೇ ಹುಟ್ಟಿದ್ದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅದು ಸವೆದು ಗವುಡ, ಗೌಡ ಆಯಿತು. ಅಂದರೆ ಮೀಸೆ ತಿರುವಿಕೊಂಡು ಕಟ್ಟೆಯ ಮೇಲೆ ಕೂತ ಗೌಡನೂ ಬಸ್ಸಿನಲ್ಲಿ ಬೈಸಿಕೊಂಡ ಗಮಾರನೂ ಒಂದೇ ಬೇರಿನಿಂದ ಒಡೆದ ಎರಡು ಕವಲುಗಳು. ಒಂದು ಕವಲು ಮರ್ಯಾದೆಯ ಕಡೆಗೆ ಹೋಯಿತು, ಇನ್ನೊಂದು ಅವಮಾನದ ಕಡೆಗೆ.

ಬೇರಿನ ಕಡೆಗೇ ನೋಡಿದರೆ ಅವಮಾನದ ಸುಳಿವೇ ಇಲ್ಲ. ವೇದಗಳ ಕಾಲದಲ್ಲಿ ‘ಗ್ರಾಮ’ ಎಂದರೆ ಮನೆಗಳು ಕಟ್ಟಿಕೊಂಡು ನೆಲೆ ನಿಂತ ಹಳ್ಳಿಯೆಂದೇ ಅರ್ಥವಿರಲಿಲ್ಲ. ದನಕರು, ಬಂಡಿಗಳೊಡನೆ ಒಟ್ಟಾಗಿ ಸಾಗುವ ಜನರ ತಂಡಕ್ಕೆ ಆ ಹೆಸರಿತ್ತು. ಅಂಥ ಎರಡು ತಂಡಗಳು ಎದುರಾದಾಗ ಆಗುತ್ತಿದ್ದುದೇ ‘ಸಂಗ್ರಾಮ’. ಯುದ್ಧವೆಂಬ ಅರ್ಥದಲ್ಲಿ ಆ ಪದ ಇಂದಿಗೂ ಉಳಿದಿದೆ. ಆ ಕಾಲದಲ್ಲಿ ‘ಗ್ರಾಮ್ಯ’ಕ್ಕೆ ವಿರುದ್ಧವಾಗಿ ನಿಂತಿದ್ದುದು ‘ನಾಗರ’ವಲ್ಲ, ‘ಆರಣ್ಯ’. ಮನುಷ್ಯ ಸಾಕಿದ ಹಸು, ಕುದುರೆ, ಆಡು, ಕುರಿಗಳು ಗ್ರಾಮ್ಯ ಪಶುಗಳು. ಕಾಡಿನ ಮೃಗಗಳು ಆರಣ್ಯ ಪಶುಗಳು. ಪಳಗಿದ್ದು, ಕಟ್ಟುಪಾಡಿಗೆ ಒಳಪಟ್ಟದ್ದು, ಮನುಷ್ಯನ ಆವರಣದೊಳಗೆ ಬಂದದ್ದು ಯಾವುದೋ ಅದು ಗ್ರಾಮ್ಯ. ಇಂದು ನಾಗರಿಕತೆ ಎಂದು ಯಾವುದನ್ನು ಕರೆಯುತ್ತೇವೆಯೋ ಅದರ ಹೆಸರು ಒಂದು ಕಾಲಕ್ಕೆ ಗ್ರಾಮ್ಯ ಎಂದಿತ್ತು!

ಕ್ರಿ.ಪೂ. 6ನೆಯ ಶತಮಾನದ ಸುಮಾರಿಗೆ ಗಂಗಾ ಬಯಲಿನಲ್ಲಿ ರಾಜಗೃಹ, ಕೌಶಾಂಬಿ, ವಾರಾಣಸಿಯಂಥ ನಗರಗಳು ಎದ್ದವು. ಕೋಟೆ, ಪೇಟೆ, ನಾಣ್ಯ, ಅಧಿಕಾರಿಗಳು ಬಂದರು. ಹೋಲಿಕೆಯ ಇನ್ನೊಂದು ಕೊನೆ ಆಗ ಕಾಡಿನಿಂದ ಪೇಟೆಗೆ ಸರಿಯಿತು. ಕಾಡಿನ ಎದುರಿಗೆ ನಿಂತಾಗ ಹಳ್ಳಿ ಸುಸಂಸ್ಕೃತವಾಗಿತ್ತು. ನಗರದ ಎದುರಿಗೆ ನಿಂತಾಗ ಅದೇ ಹಳ್ಳಿ ಒರಟಾಯಿತು. ಹಳ್ಳಿ ಇದ್ದಲ್ಲೇ ಇತ್ತು.

ಆದರೆ ನಗರದವನಿಗೂ ಹೊಸತರಲ್ಲಿ ಒಳ್ಳೆಯ ಹೆಸರೇನೂ ಇರಲಿಲ್ಲ. ಇದಕ್ಕೆ ಸಾಕ್ಷಿ ಹೇಳುವವನು ಸಾಮಾನ್ಯದವನಲ್ಲ, ವ್ಯಾಕರಣದ ಪಾಣಿನಿ. ಗ್ರಾಮದಿಂದ ‘ಗ್ರಾಮ್ಯ’, ‘ಗ್ರಾಮೀಣ’ ಎಂಬ ರೂಪಗಳನ್ನು ಸಾಧಿಸುವಾಗ ಅವನು ಯಾವ ನಿಂದೆಯ ಅರ್ಥವನ್ನೂ ಹೇಳುವುದಿಲ್ಲ. ‘ನಗರ’ದಿಂದ ‘ನಾಗರಕ’ ಎಂಬ ರೂಪ ಬರುವುದಕ್ಕೆ ಮಾತ್ರ ಎರಡು ಅರ್ಥಗಳನ್ನು ಗೊತ್ತುಮಾಡುತ್ತಾನೆ. ಒಂದು ನಿಂದೆ, ಇನ್ನೊಂದು ಪ್ರಾವೀಣ್ಯ. ಏಳನೆಯ ಶತಮಾನದ ಕಾಶಿಕಾ ವೃತ್ತಿ ಈ ಸೂತ್ರಕ್ಕೆ ಕೊಡುವ ಉದಾಹರಣೆಗಳು ತಮಾಷೆಯಾಗಿವೆ. ದಾರಿಯಲ್ಲಿ ಯಾರದೋ ಗಂಟು ಕಳವಾಗಿದೆ, ಯಾರು ಕದ್ದಿರಬಹುದು? ಈ ನಗರದವನೇ ಇರಬೇಕು, ನಗರದವರು ಕಳ್ಳರು ತಾನೆ! ಚಿತ್ರವೊಂದು ಅಂದವಾಗಿ ಮೂಡಿದೆ, ಯಾರು ಬರೆದಿರಬಹುದು? ಈ ನಗರದವನೇ ಇರಬೇಕು, ನಗರದವರು ನಿಪುಣರು ತಾನೆ! ಪೇಟೆಯವನ ಕೈಚಳಕವನ್ನು ಹೊಗಳುತ್ತಲೇ ಜೇಬನ್ನು ಮುಟ್ಟಿ ನೋಡಿಕೊಳ್ಳುವ ಹಳ್ಳಿಗನ ಎಚ್ಚರಿಕೆ ಇದರಲ್ಲಿ ಇಣುಕುತ್ತದೆ. ‘ಕೆಟ್ಟು ಪಟ್ಟಣ ಸೇರು’ ಎಂಬ ಕನ್ನಡ ಗಾದೆಯಲ್ಲೂ ಇರುವುದು ಇದೇ ಗುಮಾನಿ. ಬಾಳಿ ಬದುಕುವವನು ಹಳ್ಳಿಯಲ್ಲಿರುತ್ತಾನೆ, ಕೆಟ್ಟವನಿಗೆ ಪಟ್ಟಣ.

ಈ ಗುಮಾನಿ ಗಾದೆಗಳಲ್ಲಿ ಉಳಿಯಿತು. ಗ್ರಂಥಗಳಲ್ಲಿ ಗೆದ್ದವನು ನಾಗರಕ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಕನ ದಿನಚರಿಗೆಂದೇ ಒಂದು ಅಧ್ಯಾಯವಿದೆ. ಬೆಳಗಿನ ಹಲ್ಲುಜ್ಜುವಿಕೆಯಿಂದ ಸಂಜೆಯ ಗೋಷ್ಠಿಯವರೆಗೆ ಗಂಧ, ತಾಂಬೂಲ, ವೀಣೆ, ಗಿಳಿಗಳಿಗೆ ಮಾತು ಕಲಿಸುವುದು, ಎಲ್ಲಕ್ಕೂ ಕ್ರಮವುಂಟು. ಅದೇ ಅಧ್ಯಾಯದಲ್ಲಿ ಹಳ್ಳಿಯಲ್ಲಿ ವಾಸಿಸುವವನಿಗೂ ಒಂದು ಬುದ್ಧಿಮಾತಿದೆ. ಅವನು ತನ್ನವರಲ್ಲಿ ಜಾಣರೂ ಕುತೂಹಲಿಗಳೂ ಆದವರನ್ನು ಒಟ್ಟುಗೂಡಿಸಿ, ನಾಗರಕರ ನಡವಳಿಕೆಯನ್ನು ಬಣ್ಣಿಸಿ, ಅದರಲ್ಲಿ ಶ್ರದ್ಧೆ ಹುಟ್ಟಿಸಿ, ಅದನ್ನೇ ಅನುಕರಿಸಬೇಕಂತೆ. ಹಳ್ಳಿಯವನಿಗೆ ತನ್ನದೇ ಆದ ನಡವಳಿಕೆಯೊಂದು ಇರಬಹುದೆಂಬ ಯೋಚನೆ ಆ ಗ್ರಂಥಕರ್ತನಿಗೆ ಬಂದಂತೆ ಕಾಣುವುದಿಲ್ಲ. ಇಷ್ಟಾದರೂ ವಾತ್ಸ್ಯಾಯನ ಜಾಣ. ಗೋಷ್ಠಿಯಲ್ಲಿ ಮಾತನಾಡುವಾಗ ಬರಿಯ ಸಂಸ್ಕೃತವೂ ಬೇಡ, ಬರಿಯ ದೇಶಭಾಷೆಯೂ ಬೇಡ ಎನ್ನುತ್ತಾನೆ. ಇಂಗ್ಲಿಷ್ ಬೆರೆಸಿ ಕನ್ನಡವಾಡುವ ಇಂದಿನ ನಾಗರಕರು ತಮಗೆ ಗೊತ್ತಿಲ್ಲದೆಯೇ ಈ ಸೂತ್ರವನ್ನು ಪಾಲಿಸುತ್ತಿದ್ದಾರೆ.

ಅಲಂಕಾರಶಾಸ್ತ್ರದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ‘ಗ್ರಾಮ್ಯ’ವನ್ನು ಕಾವ್ಯದೋಷಗಳ ಪಟ್ಟಿಗೇ ಸೇರಿಸಿಬಿಟ್ಟರು. ಕನ್ನಡದ ಕವಿರಾಜಮಾರ್ಗಕ್ಕೆ ಮಾದರಿಯಾದ ದಂಡಿಯ ಕಾವ್ಯಾದರ್ಶದಲ್ಲಿ, ಹೆಣ್ಣಿಗೆ ತನ್ನ ಬಯಕೆಯನ್ನು ನೇರವಾಗಿ ಹೇಳಿಬಿಡುವ ಮಾತು ಗ್ರಾಮ್ಯ. ಅದನ್ನೇ ಮನ್ಮಥನ ಮೇಲೆ ದೂರು ಹಾಕಿ ಸುತ್ತಿಬಳಸಿ ಹೇಳಿದರೆ ಸರಸ. ಜನ ದಿನನಿತ್ಯ ಆಡುವ ಪದ ಕಾವ್ಯದಲ್ಲಿ ಬಂದರೆ ಅದೂ ಗ್ರಾಮ್ಯ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ಇಂಥ ಪದಕ್ಕೆ ಉದಾಹರಣೆಯಾಗಿ ಸೊಂಟಕ್ಕೆ ಹೇಳುವ ‘ಕಟಿ’ ಎಂಬುದನ್ನು ಕೊಡುತ್ತಾನೆ. ಅವನ ಕಿವಿಗೆ ಅದು ಬೀದಿಯ ಮಾತು. ಇಂದು ನಮ್ಮ ಮಂತ್ರಿಗಳು ವೇದಿಕೆಯ ಮೇಲೆ ನಿಂತು ‘ಸರ್ಕಾರ ಕಟಿಬದ್ಧವಾಗಿದೆ’ ಎಂದು ಗಂಭೀರವಾಗಿ ಘೋಷಿಸುವಾಗ ಆ ಪದ ಗ್ರಾಮ್ಯವೆಂದು ಯಾರಿಗೂ ಅನಿಸುವುದಿಲ್ಲ. ಒಂದು ಪದ ಹಳ್ಳಿಯದೋ ಪಟ್ಟಣದ್ದೋ ಎಂಬುದು ಪದದಲ್ಲಿಲ್ಲ, ಕೇಳುವವನ ಕಿವಿಯಲ್ಲಿದೆ.

ಈ ಕಥೆಯಲ್ಲಿ ಎಲ್ಲಕ್ಕಿಂತ ಕಹಿಯಾದ ಅಧ್ಯಾಯ ‘ಪಾಮರ’ನದು. ‘ಪಂಡಿತ ಪಾಮರರೆಲ್ಲ ಮೆಚ್ಚಿದರು’ ಎಂದು ಇಂದು ನಾವು ಬರೆಯುವಾಗ ಪಾಮರನೆಂದರೆ ಓದಿಲ್ಲದವನು ಎಂದಷ್ಟೇ ಅರ್ಥ. ಮೊದಲು ಅವನು ಹೊಲದಲ್ಲಿ ದುಡಿಯುವವನಾಗಿದ್ದ. ಶಾತವಾಹನ ರಾಜ ಹಾಲನ ಹೆಸರಿನಲ್ಲಿರುವ ಗಾಥಾಸಪ್ತಶತಿ ಎಂಬ ಪ್ರಾಕೃತ ಸಂಕಲನದಲ್ಲಿ ಪಾಮರರೂ ನೇಗಿಲಯೋಗಿಗಳೂ ಅವರ ಹೆಂಡಿರೂ ತುಂಬಿಹೋಗಿದ್ದಾರೆ. ಶಾತವಾಹನರ ಆಳ್ವಿಕೆ ಕರ್ನಾಟಕದ ಉತ್ತರ ಭಾಗಗಳಿಗೂ ಹಬ್ಬಿತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅವರ ಕಾಲದ ಕುರುಹುಗಳು ಸಿಕ್ಕಿವೆ. ಆದ್ದರಿಂದ ಆ ಪದ್ಯಗಳ ಹೊಲಗದ್ದೆಗಳು ನಮ್ಮಿಂದ ತೀರ ದೂರದವಲ್ಲ. ಅಲ್ಲೊಬ್ಬ ಪಾಮರ ಮಾಘಮಾಸದ ಚಳಿಯಲ್ಲಿ ತನ್ನ ಹೊದಿಕೆಯನ್ನು ಮಾರಿ ಎತ್ತು ಕೊಳ್ಳುತ್ತಾನೆ. ಹೆಂಡತಿಯ ಮೈಯ ಬಿಸುಪು ಜೊತೆಗಿರುವಾಗ ಕಂಬಳಿಯ ಹಂಗೇಕೆಂಬ ಧೈರ್ಯ ಅವನಿಗೆ. ಪದ್ಯ ಕಟ್ಟಿದವನು ಹಳ್ಳಿಗನ ಮುಗ್ಧತೆಯನ್ನು ನೋಡಿ ನಗುತ್ತಿದ್ದಾನೆ, ನಿಜ. ಆದರೆ ಬೇಸಾಯಗಾರನಿಗೆ ಎತ್ತಿಗಿಂತ ಕಂಬಳಿ ದೊಡ್ಡದಲ್ಲವೆಂಬ ಲೆಕ್ಕಾಚಾರ ಬಲ್ಲವರಿಗೆ ನಗಬೇಕಾದ್ದು ಯಾರನ್ನು ನೋಡಿ ಎಂಬ ಅನುಮಾನ ಬಾರದೆ ಇರದು.

ಕನ್ನಡದ ಹಳೆಯ ಕವಿಗಳಿಗಂತೂ ಪಾಮರಿಯರೆಂದರೆ ಪ್ರೀತಿ. ನಾಡನ್ನು ವರ್ಣಿಸುವ ಸಂದರ್ಭ ಬಂದಾಗಲೆಲ್ಲ ಕೆಂಬತ್ತದ ಗದ್ದೆಯಲ್ಲಿ ಗಿಳಿ ಓಡಿಸುವ ಪಾಮರಿ ಬಂದೇ ಬರುತ್ತಾಳೆ. ಅವಳ ಕೂಗಿಗೆ ಗಿಳಿಗಳು ಹಾರುವುದನ್ನೂ ದಾರಿಹೋಕರು ಮರುಳಾಗಿ ನಿಲ್ಲುವುದನ್ನೂ ಕವಿ ಚಪ್ಪರಿಸಿ ಬಣ್ಣಿಸುತ್ತಾನೆ. ಅವಳಿಗೆ ಎಷ್ಟು ಪಡಿ ಬತ್ತ ಕೂಲಿ ಸಿಗುತ್ತಿತ್ತೆಂಬುದನ್ನು ಮಾತ್ರ ಯಾವ ಚಂಪೂಕಾವ್ಯವೂ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಇತ್ತ ಕಾವ್ಯದಲ್ಲಿ ಹೀಗಿದ್ದರೆ ಅತ್ತ ಕೋಶದಲ್ಲಿ ಬೇರೆಯೇ ತೀರ್ಪಾಗಿತ್ತು. ತಲೆತಲಾಂತರದಿಂದ ಹುಡುಗರು ಬಾಯಿಪಾಠ ಮಾಡುತ್ತ ಬಂದ ಅಮರಕೋಶದಲ್ಲಿ ಪಾಮರ ಸಿಕ್ಕುವುದು ಕೃಷಿಯ ಪದಗಳ ನಡುವೆ ಅಲ್ಲ, ಶೂದ್ರವರ್ಗದಲ್ಲಿ. ಅಲ್ಲಿ ಅವನ ಪಕ್ಕದಲ್ಲಿ ನಿಂತಿರುವ ಸಮಾನಾರ್ಥಕ ಪದಗಳು ‘ನೀಚ’, ‘ನಿಹೀನ’, ‘ಜಾಲ್ಮ’ ಇತ್ಯಾದಿ. ‘ಪ್ರಾಕೃತ’, ಎಂದರೆ ಸಹಜವಾಗಿರುವವನು, ಸಾಮಾನ್ಯನು, ಅವನೂ ಅದೇ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಹದಿನಾರನೆಯ ಶತಮಾನದ ತುಲಸೀದಾಸರ ರಾಮಚರಿತಮಾನಸದಲ್ಲಿ ಸಮುದ್ರರಾಜನ ಬಾಯಿಂದ ಬರುವ ಒಂದು ಮಾತು ಗಂವಾರನನ್ನು ಶೂದ್ರ, ಪಶು, ಸ್ತ್ರೀಯರ ಜೊತೆಗೆ ಒಂದೇ ಹಗ್ಗದಲ್ಲಿ ಕಟ್ಟಿಹಾಕುತ್ತದೆ. ಆ ಸಾಲಿನ ಅರ್ಥವೇನು, ಅದು ಕವಿಯ ಅಭಿಪ್ರಾಯವೇ ಪಾತ್ರದ್ದೇ ಎಂಬ ಜಗಳ ಉತ್ತರ ಭಾರತದಲ್ಲಿ ಇಂದಿಗೂ ತೀರಿಲ್ಲ. ಹಳ್ಳಿಗ ಎಂಬ ಬೈಗುಳದ ಹಿಂದೆ ಊರಿನ ಅಳತೆ ಮಾತ್ರ ಇಲ್ಲ, ಜಾತಿಯ ಅಳತೆಯೂ ಇದೆ ಎಂಬುದಕ್ಕೆ ಇಷ್ಟು ಸಾಕು. ಅಗ್ರಹಾರವೂ ಹಳ್ಳಿಯಲ್ಲೇ ಇರುತ್ತಿತ್ತು. ಅಲ್ಲಿನ ಘನಪಾಠಿಯನ್ನು ಯಾರೂ ಗಾವಿಲನೆಂದು ಕರೆದಂತಿಲ್ಲ.

ಇದು ಭಾರತಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ. ಲ್ಯಾಟಿನ್ನಿನಲ್ಲಿ ‘ವಿಲ್ಲಾ’ ಎಂದರೆ ಜಮೀನಿನ ಮನೆ. ಅಲ್ಲಿ ದುಡಿಯುವವನು ‘ವಿಲ್ಲಾನಸ್’. ಫ್ರೆಂಚರ ಬಾಯಲ್ಲಿ ಹಾದು ಇಂಗ್ಲಿಷಿಗೆ ಬರುವ ವೇಳೆಗೆ ಅವನು ಒಡೆಯನ ಭೂಮಿಗೆ ಕಟ್ಟುಬಿದ್ದ ಜೀತದ ರೈತನಾಗಿದ್ದ. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆಯೆದ್ದು ಲಂಡನ್ನಿಗೆ ನುಗ್ಗಿದಾಗ ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು ಈ ಜೀತವನ್ನು ತೊಡೆದುಹಾಕಬೇಕೆಂಬುದು. ಜೀತ ಕಾಲಕ್ರಮದಲ್ಲಿ ಅಳಿಯಿತು, ಬೈಗುಳ ಉಳಿಯಿತು. ಬಡರೈತ ಎಂಬುದು ಒರಟ ಎಂದಾಗಿ, ಒರಟ ಎಂಬುದು ದುಷ್ಟ ಎಂದಾಗಿ, ಕೊನೆಗೆ ‘ವಿಲನ್’ ಎಂಬ ಹೆಸರಿನಲ್ಲಿ ನಮ್ಮ ಸಿನಿಮಾಗಳಿಗೆ ಬಂದು ತಲುಪಿತು. ಕನ್ನಡ ತೆರೆಯ ಮೇಲೆ ಆ ವಿಲನ್ ಅನೇಕ ವೇಳೆ ಹಳ್ಳಿಯ ಜಮೀನ್ದಾರನೋ ಸಾಹುಕಾರನೋ ಆಗಿರುತ್ತಾನೆ. ವಜ್ರಮುನಿ ಅಂಥ ಪಾತ್ರಗಳಲ್ಲಿ ಗುಡುಗಿದರೆ ಟೆಂಟಿನ ಮಕ್ಕಳು ಅಳುತ್ತಿದ್ದವು. ಅಂದರೆ ಜೀತಗಾರನ ಹೆಸರು ಸುತ್ತಿ ಸುತ್ತಿ ಬಂದು ಜೀತ ಮಾಡಿಸುವವನಿಗೆ ಅಂಟಿಕೊಂಡಿತು. ಪದಗಳ ಲೋಕದಲ್ಲಿ ಅಪರೂಪಕ್ಕೊಮ್ಮೆ ನ್ಯಾಯ ಸಿಗುವುದು ಹೀಗೆ.

ಕನ್ನಡದ ಸ್ವಂತ ಪದಗಳನ್ನು ನೋಡಿದರೆ ‘ಊರು’ ಎಂಬುದು ಈ ಭೇದಕ್ಕೆ ಸಿಕ್ಕುವುದಿಲ್ಲ. ಬೆಂಗಳೂರೂ ಊರೇ, ಮೈಸೂರೂ ಊರೇ, ಇಪ್ಪತ್ತು ಮನೆಗಳ ಗುಡ್ಡದೂರೂ ಊರೇ. ‘ಯಾವೂರಾಯ್ತು?’ ಎಂಬ ಪ್ರಶ್ನೆಯನ್ನು ಯಾರಿಗೂ ಕೇಳಬಹುದು, ಅದರಲ್ಲಿ ಚುಚ್ಚುಮಾತಿಲ್ಲ. ಬೈಗುಳ ಅಂಟಿದ್ದು ‘ಹಳ್ಳಿ’ಗೆ. ಹಳ್ಳಿಯ ಹಳೆಯ ರೂಪ ‘ಪಳ್ಳಿ’. ತಮಿಳಿನಲ್ಲಿ ಇದೇ ಪದ ಜೈನ ಬೌದ್ಧರ ನೆಲೆಗೂ ಶಾಲೆಗೂ ಸಲ್ಲುತ್ತದೆ; ಮಲಯಾಳದಲ್ಲಿ ಇಗರ್ಜಿ ಮಸೀದಿಗಳು ಪಳ್ಳಿಗಳೇ. ಅಲ್ಲಿ ಮಕ್ಕಳು ಓದಲು ಹೋಗುವ ಜಾಗದ ಹೆಸರು, ಇಲ್ಲಿ ಓದಿಲ್ಲದವರ ಜಾಗವೆಂದು ಹಂಗಿಸಲು ಬಳಕೆಯಾಯಿತು. ಇನ್ನು ಗಡಿಯ ದೊಡ್ಡ ನಗರ ಬೆಳಗಾವಿಯ ಹೆಸರು ಶಾಸನಗಳಲ್ಲಿ ವೇಣುಗ್ರಾಮ ಎಂದಿದೆ. 2014ರ ನವೆಂಬರಿನಲ್ಲಿ ಸರ್ಕಾರಿ ದಾಖಲೆಯಲ್ಲಿ ಬೆಳಗಾಂ ಹೋಗಿ ಬೆಳಗಾವಿ ಬಂತಾದರೂ ‘ಗ್ರಾಮ’ ಮಾತ್ರ ಅದರ ಬಾಲದಲ್ಲಿ ಹಾಗೆಯೇ ಉಳಿದಿದೆ.

ಆಡಳಿತದ ಕನ್ನಡದಲ್ಲಿ ಇನ್ನೊಂದು ವಿಚಿತ್ರವುಂಟು. ದೇಶದ ಸದಸ್ಯನಿಗೆ ನಾವು ಕೊಟ್ಟ ಹೆಸರು ‘ನಾಗರಿಕ’ ಇಲ್ಲವೆ ‘ಪೌರ’. ಎರಡರ ಮೂಲಾರ್ಥವೂ ಪಟ್ಟಣಿಗ. 2011ರ ಜನಗಣತಿಯಂತೆ ಕರ್ನಾಟಕದ ಶೇ 61ಕ್ಕಿಂತ ಹೆಚ್ಚು ಜನ ಗ್ರಾಮಗಳಲ್ಲಿದ್ದರು. ಅವರೆಲ್ಲ ಕಾಗದದ ಮೇಲೆ ಪಟ್ಟಣಿಗರು. ಹೋಗಲಿ, ಅದು ಇಂಗ್ಲಿಷಿನಲ್ಲೂ ಹಾಗೆಯೇ. ತೊಂದರೆ ಇರುವುದು ‘ಅನಾಗರಿಕ’ ಎಂಬ ಪದದಲ್ಲಿ. ಕೊಲೆ ಸುಲಿಗೆಗಳು ಪಟ್ಟಣದ ಮಧ್ಯದಲ್ಲೇ ನಡೆದಾಗಲೂ ಪತ್ರಿಕೆಗಳು ಅವನ್ನು ‘ಅನಾಗರಿಕ ಕೃತ್ಯ’ ಎನ್ನುತ್ತವೆ.

ಶಾಲೆಯಲ್ಲಿ ಈ ಬೈಗುಳ ಸಭ್ಯ ವೇಷ ತೊಟ್ಟು ಬರುತ್ತದೆ. ಅಲ್ಲಿ ಅದರ ಹೆಸರು ‘ಗ್ರಾಮ್ಯ ಭಾಷೆ’. ಹಳೇ ಮೈಸೂರು ಕಡೆಯ ಹುಡುಗ ‘ಆಲು’, ‘ಅಣ್ಣು’ ಎಂದರೆ ತರಗತಿ ಗೊಳ್ಳೆಂದು ನಗುತ್ತದೆ, ಮೇಷ್ಟರು ಹಾಲು, ಹಣ್ಣು ಎಂದು ತಿದ್ದುತ್ತಾರೆ. ಆದರೆ 941ರಲ್ಲಿ ಕಾವ್ಯ ಬರೆದ ಪಂಪನಿಗೆ ಇವೆರಡೂ ತಪ್ಪು. ಅವನಿಗೆ ಅದು ಪಾಲ್, ಪಣ್. ಮುಂದಿನ ಶತಮಾನಗಳಲ್ಲಿ ಪಕಾರ ಸವೆದು ಹಕಾರವಾಯಿತು. ಹಳ್ಳಿಗರ ಬಾಯಲ್ಲಿ ಆ ಹಕಾರವೂ ಸವೆದು ಬಿದ್ದುಹೋಯಿತು. ಮೊದಲು ‘ಹಾಲು’ ಎಂದವನನ್ನೂ ಯಾರೋ ಒಬ್ಬ ಹಳೆಯ ಉಪಾಧ್ಯಾಯರು ಗಾವಿಲನೆಂದೇ ಗದರಿಸಿರಬಹುದು. ಭಾಷೆ ನಡೆಯುವ ದಾರಿಯಲ್ಲಿ ಆ ಹುಡುಗ ಮೇಷ್ಟರಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ. ಪರೀಕ್ಷೆಯಲ್ಲಿ ಮಾತ್ರ ಅದಕ್ಕೆ ಅಂಕವಿಲ್ಲ.

ಸಾಹಿತ್ಯದಲ್ಲಿ ಈ ಲೆಕ್ಕ ಇಪ್ಪತ್ತನೆಯ ಶತಮಾನದಲ್ಲಿ ಸ್ವಲ್ಪ ತಿರುಗಿತು. ವಿಜಾಪುರ ಸೀಮೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರು ಬೀಸುವ ಕುಟ್ಟುವ ಹೆಂಗಸರ ಹಾಡುಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದಾಗ, ಓದು ಬರಹ ಬಾರದವರ ಬಾಯಲ್ಲಿ ಇಂಥ ಕಾವ್ಯವಿದೆಯೇ ಎಂದು ವಿದ್ವಾಂಸರು ಬೆರಗಾದರು. ಧಾರವಾಡದ ಆಡುಮಾತನ್ನು ಕಾವ್ಯಕ್ಕೆ ತಂದ ಬೇಂದ್ರೆಯವರಿಗೆ ಜ್ಞಾನಪೀಠ ಬಂತು. ದೇವನೂರ ಮಹಾದೇವ ನಂಜನಗೂಡು ಸೀಮೆಯ ದಲಿತರ ಮಾತಿನಲ್ಲಿ ‘ಕುಸುಮಬಾಲೆ’ ಬರೆದಾಗ, ಇದು ಅರ್ಥವಾಗುವುದಿಲ್ಲವೆಂದು ಕನ್ನಡದ ಓದುಗರೇ ದೂರಿದರು. ಅದೇ ಕೃತಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಸಿನಿಮಾದಲ್ಲಿ 1969ರ ‘ಮೇಯರ್ ಮುತ್ತಣ್ಣ’ ಹಳ್ಳಿಯಿಂದ ಬಂದವನನ್ನು ನಗರದ ಮೇಯರ್ ಮಾಡಿತು, 1972ರ ‘ಬಂಗಾರದ ಮನುಷ್ಯ’ ಓದಿದವನನ್ನು ಹಳ್ಳಿಗೆ ಕಳಿಸಿ ಬೇಸಾಯ ಮಾಡಿಸಿತು. ಹಳ್ಳಿಗನ ಹೆಡ್ಡತನದಲ್ಲಿ ನಗೆ ಹುಟ್ಟಿಸುವ ಹಾಸ್ಯಪಾತ್ರಗಳೂ ಅದೇ ತೆರೆಯ ಮೇಲೆ ತಪ್ಪದೆ ಬರುತ್ತಲೇ ಇದ್ದವು.

ಹಳ್ಳಿಯನ್ನು ಹೀಗೆ ಎತ್ತಿ ಹಿಡಿಯುವ ಭರದಲ್ಲಿ ಮರೆಯಬಾರದ ಮಾತೊಂದಿದೆ. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್, ಹಳ್ಳಿಯೆಂದರೆ ಸಂಕುಚಿತ ಮನೋಭಾವದ, ಅಜ್ಞಾನದ, ಕೋಮುಬುದ್ಧಿಯ ಕೂಪವಲ್ಲದೆ ಮತ್ತೇನು ಎಂಬ ಅರ್ಥದ ಮಾತುಗಳನ್ನಾಡಿದರು. ಗ್ರಾಮಸ್ವರಾಜ್ಯದ ಕನಸಿನಲ್ಲಿದ್ದ ಸದಸ್ಯರಿಗೆ ಅದು ಬಿಸಿ ಮುಟ್ಟಿಸಿತು. ಇದು ಬಸ್ಸಿನಲ್ಲಿ ಕೇಳಿಬರುವ ತಿರಸ್ಕಾರವಲ್ಲ. ಅಲ್ಲಿ ಬೈಸಿಕೊಂಡದ್ದು ಹಳ್ಳಿಗನ ಉಡುಗೆ ತೊಡುಗೆಯಲ್ಲ, ಊರನ್ನೂ ಕೇರಿಯನ್ನೂ ಬೇರೆ ಮಾಡಿಟ್ಟ ವ್ಯವಸ್ಥೆ. ಹಳ್ಳಿಯಲ್ಲಿ ಗೌಡನ ಕಟ್ಟೆಯ ಮುಂದೆ ಚಪ್ಪಲಿ ಕಳಚಬೇಕಾಗಿದ್ದವನಿಗೆ, ನಗರದ ಬಸ್ಸಿನಲ್ಲಿ ಅದೇ ಗೌಡನ ಜೊತೆ ಸಮನಾಗಿ ‘ಗಮಾರ’ ಎನಿಸಿಕೊಳ್ಳುವುದು ಒಂದು ಬಗೆಯ ಬಿಡುಗಡೆಯೂ ಆಗಿದ್ದೀತು.

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಯ ಪದಗಳಿಗೆ ಬೆಲೆ ಬಂದಿದೆ, ಅಕ್ಷರಶಃ ರೂಪಾಯಿಗಳಲ್ಲಿ. ‘ಗಾವಠಿ’ ಎಂದರೆ ಮರಾಠಿಯಲ್ಲೂ ಉತ್ತರ ಕರ್ನಾಟಕದಲ್ಲೂ ಹಳ್ಳಿಗಾಡಿನದು, ಕಚ್ಚಾ ಎಂಬ ಅರ್ಥ. ಗಾವಠಿ ಶಾಲೆ ಎಂದರೆ ಊರವರೇ ನಡೆಸುತ್ತಿದ್ದ ಹಳೆಯ ಕಾಲದ ಶಾಲೆ, ಗಾವಠಿ ಔಷಧ ಎಂದರೆ ನಾರುಬೇರಿನ ಮದ್ದು. ಇಂಥದ್ದೇ ಜವಾರಿ, ನಾಟಿ ಎಂಬ ಪದಗಳೂ ಈಗ ಅಂಗಡಿಯ ಫಲಕ ಏರಿವೆ. ನಾಟಿ ಕೋಳಿ ಫಾರಂ ಕೋಳಿಗಿಂತ ದುಬಾರಿ, ಜವಾರಿ ಬದನೆಕಾಯಿ ಹೈಬ್ರಿಡ್ ಬದನೆಗಿಂತ ರುಚಿ. ಕೋಳಿ, ಬದನೆ, ಮೊಟ್ಟೆಗಳಿಗೆ ಸಿಕ್ಕ ಈ ಮರ್ಯಾದೆ ಅವನ್ನು ಬೆಳೆದು ಸಂತೆಗೆ ತರುವವನಿಗೆ ಇನ್ನೂ ಪೂರ್ತಿ ಸಿಕ್ಕಿದಂತಿಲ್ಲ. ‘ಜವಾರಿ ಮಂದಿ’ ಎಂದು ಎದೆ ತಟ್ಟಿಕೊಂಡು ಹೇಳುವ ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಉಳಿದವರಿಗಿಂತ ಗಟ್ಟಿಗರು.

ಸರ್ಕಾರಿ ಕಾಗದಗಳಲ್ಲಿ ‘ಗ್ರಾಮೀಣ’ ಎಂಬುದು ಈಗ ಹಕ್ಕಿನ ಪದ. ವೃತ್ತಿಶಿಕ್ಷಣದ ಸಿ.ಇ.ಟಿ. ಪ್ರವೇಶದಲ್ಲಿ ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮಾಂತರ ಪ್ರದೇಶದಲ್ಲಿ ಓದಿದವರಿಗೆ ಶೇ 15ರಷ್ಟು ಮೀಸಲಾತಿ ಇದೆ. ಪ್ರತಿ ವರ್ಷ ಪ್ರವೇಶದ ಹಂಗಾಮಿನಲ್ಲಿ ತಾವು ಹಳ್ಳಿಯವರೆಂದು ಸಾಬೀತುಪಡಿಸುವ ಪ್ರಮಾಣಪತ್ರಕ್ಕಾಗಿ ತಂದೆ ತಾಯಿಯರು ಕಚೇರಿಗಳಿಗೆ ಅಲೆಯುತ್ತಾರೆ. ಆ ಪತ್ರದ ಬಲದಿಂದ ನಗರದ ಕಾಲೇಜು ಸೇರಿದ ಹುಡುಗ ಮೊದಲ ತಿಂಗಳಲ್ಲೇ ಹಾಸ್ಟೆಲಿನಲ್ಲಿ ಹಕಾರವನ್ನು ಸರಿಯಾಗಿ ಉಚ್ಚರಿಸಲು ಕಲಿಯುತ್ತಾನೆ. ಬರಬಾರದ ಕಡೆಯಲ್ಲೂ ಒಂದೆರಡು ಹಕಾರ ಹೆಚ್ಚಿಗೆ ಹಾಕುತ್ತಾನೆ. ರಾತ್ರಿ ಮನೆಗೆ ಫೋನ್ ಮಾಡುವಾಗ ಕೋಣೆಯಿಂದ ಹೊರಗೆ ಬಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಅವ್ವನನ್ನು ಕೇಳುತ್ತಾನೆ: ‘ಅಸ ಎಷ್ಟು ಆಲು ಕೊಡ್ತೈತವ್ವ?’